ಕರಿಬೇವು ಕಂಡಕಂಡಲ್ಲಿ ಏಳುತ್ತಿದೆಯೇ? ಕೊಯ್ತಾ ಕತ್ತಿ ಎತ್ತುವ ಮೊದಲು ಬೇರು ನೋಡಿ

ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿ ಕರಿಬೇವಿನ ಬಗ್ಗೆ ಎರಡೇ ದೂರು. ಒಂದು, ಹಚ್ಚಿದ ಗಿಡ ಬರ್ತಾ ಇಲ್ಲ. ಇನ್ನೊಂದು, ಹಚ್ಚದೇ ಇರೋ ಗಿಡ ಬರ್ತಾನೇ ಇದೆ. ಮೊದಲನೆಯದಕ್ಕೆ ಹುಳಿ ಮಜ್ಜಿಗೆ ಹಾಕಿ, ಅಕ್ಕಿ ತೊಳೆದ ನೀರು ಹಾಕಿ ಅಂತ ಸಲಹೆ ಕೊಡುವವರು ಮನೆಗೊಬ್ಬರು ಸಿಗುತ್ತಾರೆ. ಎರಡನೆಯದಕ್ಕೆ ಎಲ್ಲರ ಹತ್ತಿರ ಇರೋದು ಒಂದೇ ಉತ್ತರ: ಕಡಿದು ಹಾಕಿ. ಆ ಉತ್ತರವೇ ಬಹಳ ಕಡೆ ರೋಗವನ್ನು ಹೆಚ್ಚಿಸುತ್ತದೆ.

ಚಿತ್ರ ಸಾಮಾನ್ಯವಾಗಿ ಹೀಗಿರುತ್ತದೆ. ಎಷ್ಟೋ ವರ್ಷಗಳ ಹಿಂದೆ ಗ್ರೌಂಡ್ ಫ್ಲೋರಿನ ಧಾರವಾಡದ ಕಾಕು ಒಬ್ಬರು ಅಡುಗೆಮನೆ ಕಿಟಕಿಯ ಕೆಳಗೆ ಒಂದು ಕಡ್ಡಿಯಷ್ಟು ಗಿಡ ಊರಿರುತ್ತಾರೆ. ಈಗ ಅದು ಮೊದಲ ಮಹಡಿಯ ಬಾಲ್ಕನಿ ಮುಟ್ಟಿದೆ. ಅದರ ಸಂಸಾರ ಲಾನಿನಲ್ಲಿದೆ, ಪೇವರ್ ಬ್ಲಾಕಿನ ಸಂದಿಯಲ್ಲಿದೆ, ಪಾರ್ಕಿಂಗಿನ ಗೋಡೆಯ ಬುಡದಲ್ಲಿದೆ, ಗಟಾರದ ಅಂಚಿನಲ್ಲಿದೆ. ಮಾಳಿ (ತೋಟಗಾರ) ಬಂದಾಗಲೆಲ್ಲ ಕೊಯ್ತಾದಿಂದ ನೆಲಮಟ್ಟಕ್ಕೆ ಸವರಿ ಹೋಗುತ್ತಾನೆ. ಸ್ವಲ್ಪ ದಿನಕ್ಕೆ ಒಂದಿದ್ದಲ್ಲಿ ಎರಡು. ಕೊನೆಗೆ ಸೊಸೈಟಿ ಮೀಟಿಂಗಿನಲ್ಲಿ ಯಾರೋ "ಆ ಕಢೀಪತ್ತಾದ ಮರಾನೇ ತೆಗೆಸಿಬಿಡಿ, ಕಿರಿಕಿರಿ ಸಾಕು" ಅಂತಾರೆ. ಕಾಕು ಸುಮ್ನಿರ್ತಾರಾ? ಅಲ್ಲಿಗೆ ಗಿಡದ ಸಮಸ್ಯೆ ಮನುಷ್ಯರ ಸಮಸ್ಯೆ ಆಗುತ್ತದೆ.

ಅಷ್ಟು ದೂರ ಹೋಗೋದು ಬೇಡ. ಕರಿಬೇವು ಹಬ್ಬೋದಕ್ಕೆ ಮುಖ್ಯವಾಗಿ ಎರಡು ದಾರಿ: ನೆಲದೊಳಗಿನ ಬೇರು, ನೆಲದ ಮೇಲಿನ ಹಕ್ಕಿ. ಮೂರನೆಯದೂ ಒಂದಿದೆ, ಅದು ನಾವೇ. ಯಾವ ದಾರಿಯಲ್ಲಿ ಬಂದಿದೆ ಅಂತ ತಿಳಿಯದೆ ಮಾಡಿದ ಉಪಾಯ ಸುಮ್ನೆ ದಂಡ. ಬೇರಿನಿಂದ ಬಂದದ್ದಕ್ಕೆ ಬೀಜದ ಉಪಾಯ ಮಾಡಿದರೆ ಗಿಡ ದುಪ್ಪಟ್ಟಾಗುತ್ತದೆ. ಬೀಜದಿಂದ ಬಂದದ್ದಕ್ಕೆ ಬೇರಿನ ಉಪಾಯ ಮಾಡಿದರೆ ಅಂಗಳ ಅಗೆದದ್ದಷ್ಟೇ ಲಾಭ.

ಅದು ಕರಿಬೇವೇ ಹೌದೇ?

ಇದನ್ನು ಕೇಳಿದರೆ ಕನ್ನಡದವರು ನಗುತ್ತಾರೆ. ಒಗ್ಗರಣೆಗೆ ದಿನಾ ಹಾಕೋ ಎಲೆ ಗುರುತು ಸಿಗಲ್ವಾ? ದೊಡ್ಡ ಗಿಡದಲ್ಲಿ ಸಿಗುತ್ತದೆ. ಗೇಣುದ್ದದ ಸಸಿಯಲ್ಲಿ ಎಷ್ಟೋ ಸಲ ಮೋಸ ಹೋಗುತ್ತೇವೆ. ಕಾಂಪೌಂಡಿನಲ್ಲಿ ಬೇವಿನ ಸಸಿಗಳೂ ಏಳುತ್ತವೆ, ಅವಕ್ಕೆ ಎಲೆಯಂಚು ಗರಗಸದ ಹಾಗೆ. ಸುಬಾಭೂಳ್ ಏಳುತ್ತದೆ, ಅದರ ಗರಿ ಒಡೆದು ಮತ್ತೆ ಗರಿಯಾಗಿರುತ್ತದೆ, ಎಲೆ ತೀರಾ ಸಣ್ಣ. ನಿಜವಾದ ಗೊಂದಲ ಕಾಮಿನಿಯದು. ಮರಾಠಿಯಲ್ಲಿ ಕುಂತೀ ಅಂತಾರೆ, ಸೊಸೈಟಿಗಳ ಬೇಲಿಗೆ ಸಾಲಾಗಿ ಹಚ್ಚುತ್ತಾರೆ. ಅದು ಕರಿಬೇವಿನ ಹತ್ತಿರದ ನೆಂಟ. ಅದರ ಗರಿಯಲ್ಲಿ ಹೆಚ್ಚಾಗಿ ಮೂರರಿಂದ ಏಳೆಂಟು ಎಲೆ, ಹೊಳಪು ಜಾಸ್ತಿ, ಹಣ್ಣು ಕೆಂಪು. ಕರಿಬೇವಿನ ಬೆಳೆದ ಗರಿಯಲ್ಲಿ 11ರಿಂದ 21 ಕಿರು ಎಲೆ, ಒಂದೊಂದೂ ಬುಡದಲ್ಲಿ ಸ್ವಲ್ಪ ಓರೆ, ಹಣ್ಣು ಮಾಗಿದಾಗ ಕಪ್ಪು. ಎಳೆ ಸಸಿಯ ಮೊದಲ ಗರಿಗಳಲ್ಲಿ ಎಲೆ ಕಡಿಮೆ ಇರುತ್ತದೆ, ಹಾಗಾಗಿ ಎಣಿಸಿ ಮೋಸ ಹೋಗಬೇಡಿ. ಹೊಸಕಿ ಮೂಸಿ ನೋಡಿ. ಎಲೆಯನ್ನು ಬಿಸಿಲಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಬೆಳಕಿನ ಚುಕ್ಕೆ ಕಾಣುತ್ತವೆ, ಅವು ಎಣ್ಣೆಯ ಗ್ರಂಥಿಗಳು. ಆದರೆ ಈ ಚುಕ್ಕೆ ನಿಂಬೆಗೂ ಇದೆ, ಕಾಮಿನಿಗೂ ಇದೆ. ವಾಸನೆಯೇ ಕೊನೆಯ ತೀರ್ಪು.

ನರ್ಸರಿಯ ಚೀಟಿಯಲ್ಲಿ ಒಂದು ಕಡೆ ಮುರಾಯಾ ಕೋನಿಗೀ, ಇನ್ನೊಂದು ಕಡೆ ಬರ್ಗೇರಾ ಕೋನಿಗೀ ಅಂತ ಇರುತ್ತದೆ. ಎರಡೂ ಕರಿಬೇವಿನದೇ ವೈಜ್ಞಾನಿಕ ಹೆಸರು, ಒಂದೇ ಗಿಡ.

ಬೇರಿನ ಪರೀಕ್ಷೆ

ಇಡೀ ಕೆಲಸದಲ್ಲಿ ಇದೇ ಮುಖ್ಯ, ಇದಕ್ಕೇ ಜನ ಸೋಮಾರಿತನ ಮಾಡೋದು. ಒಂದು ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಮಾಡಿ. ಪುಣೆಯ ಮುರುಮ್ (ಜಲ್ಲಿಮಣ್ಣು) ನೆಲ ಬೇಸಿಗೆಯಲ್ಲಿ ಕಲ್ಲು, ಖುರ್ಪಿ (ಕೈಗುದ್ದಲಿ) ಮುರಿಯುತ್ತದೆಯೇ ಹೊರತು ಬೇರು ಕಾಣೋದಿಲ್ಲ. ಮಳೆ ಇಲ್ಲದಿದ್ದರೆ ಹಿಂದಿನ ರಾತ್ರಿ ಒಂದು ಬಕೆಟ್ ನೀರು ಹಾಕಿಡಿ.

ಮೊಣಕಾಲೆತ್ತರಕ್ಕಿಂತ ಚಿಕ್ಕದಾದ ಒಂದು ಸಸಿ ಆರಿಸಿ. ಕೈಯಿಂದ ಜಗ್ಗಬೇಡಿ, ಜಗ್ಗಿದರೆ ಸಾಕ್ಷಿಯೇ ಹರಿದುಹೋಗುತ್ತದೆ. ಬುಡದಿಂದ ಒಂದು ಗೇಣು ದೂರದಲ್ಲಿ ಖುರ್ಪಿ ಹಾಕಿ ಮಣ್ಣನ್ನು ಮೆಲ್ಲಗೆ ಸಡಿಲ ಮಾಡಿ, ಆಮೇಲೆ ಬೆರಳಿನಿಂದ ತೆಗೆಯುತ್ತಾ ಹೋಗಿ. ಮೇಲಿನ ಎರಡು ಮೂರು ಇಂಚಿನಲ್ಲೇ ಉತ್ತರ ಸಿಗುವುದು ಹೆಚ್ಚು.

ಬುಡ ನೇರವಾಗಿ ಕೆಳಗಿಳಿದು, ತುದಿಗೆ ಹೋಗುತ್ತಾ ತೆಳ್ಳಗಾಗಿ, ಅಕ್ಕಪಕ್ಕ ಕೂದಲಿನಂಥ ಎಳೆ ಬೇರು ಬಿಟ್ಟಿದ್ದರೆ ಅದು ಬೀಜದ ಸಸಿ. ಅದಕ್ಕೆ ಯಾರ ಹಂಗೂ ಇಲ್ಲ. ಇಡಿಯಾಗಿ ಎತ್ತಿದರೆ ಕೈಗೆ ಬರುತ್ತದೆ.

ಬುಡ ಕೆಳಗಿಳಿಯದೆ, ಅಡ್ಡ ಮಲಗಿದ ಒಂದು ಬೇರಿನ ಮೇಲೆ ಕೂತಿದ್ದರೆ ಅದು ಬೇರಿನ ಮರಿ. ಆ ಅಡ್ಡಬೇರು ಪೆನ್ಸಿಲಿನಷ್ಟಿರಬಹುದು, ಹೆಬ್ಬೆರಳಿನಷ್ಟೂ ಇರಬಹುದು. ಮರಿ ಹುಟ್ಟಿದ ಜಾಗದಲ್ಲಿ ಒಂದು ಗಂಟು ಕಾಣುತ್ತದೆ. ಹಿಂದೆ ಸವರಿದ್ದರೆ ಅದೇ ಗಂಟಿನ ಸುತ್ತ ಹಳೆಯ ಕೂಳೆಗಳು, ಅವುಗಳ ಪಕ್ಕದಲ್ಲೇ ಹೊಸ ಮೊಳಕೆ. ಮಾಳಿಯ ಕೊಯ್ತಾ ಎಷ್ಟು ಸಲ ಬಂದು ಹೋಗಿದೆ ಅನ್ನೋ ಲೆಕ್ಕ ಅಲ್ಲೇ ಬರೆದಿಟ್ಟ ಹಾಗಿರುತ್ತದೆ. ಬೇರನ್ನು ಒಂದಿಷ್ಟು ದೂರ ಬಿಡಿಸಿ ನೋಡಿ, ಒಂದು ಕಡೆಯ ತುದಿ ತಾಯಿಗಿಡದ ದಿಕ್ಕಿಗೆ ಹೋಗುತ್ತದೆ.

ಒಂದೇ ಸಸಿ ನೋಡಿ ನಿರ್ಧಾರ ಮಾಡಬೇಡಿ. ಲಾನಿನಲ್ಲಿ ಒಂದು, ಗೋಡೆ ಬುಡದಲ್ಲಿ ಒಂದು, ಎಲ್ಲಕ್ಕಿಂತ ದೂರ ಇರುವ ಕಡೆ ಒಂದು ನೋಡಿ. ಹಳೆಯ ಸೊಸೈಟಿಗಳಲ್ಲಿ ಎರಡೂ ಬಗೆ ಕಲಸಿಕೊಂಡಿರೋದೇ ಹೆಚ್ಚು.

ಅಗೆಯದೆಯೂ ಸುಳಿವು ಸಿಗುತ್ತದೆ

ಅಗೆಯೋಕೆ ಚೇರ್ಮನ್ನರು ಒಪ್ಪಲಿಲ್ಲವೇ? ಸಸಿಗಳು ಎಲ್ಲೆಲ್ಲಿ ಎದ್ದಿವೆ ಅಂತ ಒಂದು ಕಾಗದದ ಮೇಲೆ ಚುಕ್ಕೆ ಇಡಿ. ಬೇರಿನ ಮರಿಗಳು ತಾಯಿಗಿಡದ ಸುತ್ತ, ಅದರ ನೆರಳು ದಾಟಿ ಸ್ವಲ್ಪ ಆಚೆಯವರೆಗೆ, ಸಾಲುಸಾಲಾಗಿ ಬರುತ್ತವೆ. ಬೀಜದ ಸಸಿಗಳಿಗೆ ತಾಯಿಯ ಹತ್ತಿರ ಇರಬೇಕು ಅನ್ನೋ ಹಟವಿಲ್ಲ. ಅವು ಹಕ್ಕಿ ಕೂರುವ ಜಾಗದ ಕೆಳಗೆ ಇರುತ್ತವೆ: ಕೇಬಲ್ ವೈರಿನ ಕೆಳಗೆ, ಕಾಂಪೌಂಡ್ ಗೋಡೆಯ ಉದ್ದಕ್ಕೂ, ಇನ್ನೊಂದು ದೊಡ್ಡ ಮರದ ಅಡಿಯಲ್ಲಿ, ಮೂರನೇ ಮಹಡಿಯ ಬಾಲ್ಕನಿಯ ತುಳಸಿ ಕುಂಡದಲ್ಲಿ. ಮೂರನೇ ಮಹಡಿಗೆ ಬೇರು ಹತ್ತಲ್ಲ ಅಲ್ವಾ? ಅಲ್ಲಿ ಅಗೆಯುವ ಅಗತ್ಯವೇ ಇಲ್ಲ. ಅದು ಪಿಕಳಾರದ ಕೆಲಸ. ಬುಲ್‌ಬುಲ್ ಅಂತಾರಲ್ಲ, ಅದೇ. ಕೋಗಿಲೆಯೂ ಈ ಹಣ್ಣು ತಿನ್ನುತ್ತದೆ.

ಸಮಯವೂ ಮಾತಾಡುತ್ತದೆ. ಕರಿಬೇವು ಬೇಸಿಗೆಯಲ್ಲಿ ಬಿಳಿ ಹೂಗೊಂಚಲು ಬಿಟ್ಟು, ಮಳೆ ಹಿಡಿಯುವ ಹೊತ್ತಿಗೆ ಹಣ್ಣು ಮಾಗಿಸುತ್ತದೆ. ಹಣ್ಣಿನೊಳಗೆ ಒಂದೋ ಎರಡೋ ಹಸಿರು ಬೀಜ. ಈ ಬೀಜಕ್ಕೆ ಕಾಯುವ ತಾಳ್ಮೆ ಇಲ್ಲ. ಒಣಗಿದರೆ ಸತ್ತಿತು, ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ಹಾಗಾಗಿ ಬೀಜದ ಸಸಿಗಳು ಮಳೆಗಾಲದಲ್ಲೇ, ಒಂದೇ ಎತ್ತರದವು, ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಮಾರ್ಚಿನ ಬಿಸಿಲಲ್ಲಿ ಹೊಸದಾಗಿ ಎದ್ದದ್ದು ಬೀಜದ್ದಾಗಿರುವ ಸಾಧ್ಯತೆ ತೀರಾ ಕಡಿಮೆ. ಅದು ಬೇರಿನದು. ಪುಣೆಯ ಚಳಿಯಲ್ಲಿ ಉಷ್ಣತೆ 16 ಡಿಗ್ರಿಗಿಂತ ಕೆಳಗಿಳಿದಾಗ ಕರಿಬೇವಿನ ಚಿಗುರು ನಿಂತುಹೋಗುತ್ತದೆ. ಡಿಸೆಂಬರಿನಲ್ಲಿ ಸವರಿ "ಈ ಸಲ ಹೋಯ್ತು ನೋಡಿ" ಅಂತ ಬೀಗುವವರು ಫೆಬ್ರವರಿಯ ಕೊನೆಯವರೆಗೆ ಕಾಯಬೇಕು. ಗಿಡ ಮಲಗಿತ್ತು, ಅಷ್ಟೇ.

ಇನ್ನೂ ಒಂದು ಪ್ರಶ್ನೆ ವಾಚ್‌ಮನ್ ಮಾಮಾನ ಹತ್ತಿರ ಕೇಳಿ: ಹೋದ ವರ್ಷ ಈ ಕಡೆ ಏನಾದರೂ ಅಗೆದಿದ್ದರಾ? ಗ್ಯಾಸ್ ಪೈಪ್, ಫೈಬರ್ ಕೇಬಲ್, ಒಳಚರಂಡಿ, ಯಾವುದಾದರೂ ಸರಿ. ಅಗೆದ ಗೆರೆಯ ಗುಂಟ ಕರಿಬೇವು ಎದ್ದಿದ್ದರೆ ಕಾರಣ ಹುಡುಕೋದು ಮುಗಿಯಿತು ಅಂತಲೇ ತಿಳಿಯಿರಿ. ಬೇರು ಗಾಯವಾದ ಕಡೆ ಮರಿ ಹಾಕುತ್ತದೆ.

ಕಡಿದಷ್ಟೂ ಯಾಕೆ ಜಾಸ್ತಿಯಾಗುತ್ತದೆ?

ಕರಿಬೇವು ಅಂದರೆ ನಮಗೆ ಹಿತ್ತಲು ನೆನಪಾಗುತ್ತದೆ, ಆದರೆ ಅದು ಕಾಡಿನ ಗಿಡ. ಹಿಮಾಲಯದ ತಪ್ಪಲಿನ ಸಾಲ್ ಮರದ ಕಾಡುಗಳಿಂದ ಹಿಡಿದು ದಕ್ಷಿಣದ ಎಲೆಯುದುರುವ ಕಾಡುಗಳವರೆಗೆ ದೊಡ್ಡ ಮರಗಳ ಅಡಿಯಲ್ಲಿ ಪೊದೆಯಾಗಿ ಬೆಳೆಯುತ್ತದೆ. ಡೆಹ್ರಾಡೂನ್ ಕಡೆ ಇದಕ್ಕೆ ಗಂಧೇಲಾ ಅಂತಾರೆ, ಅಲ್ಲಿಯ ಅಡುಗೆಯಲ್ಲಿ ನಮ್ಮಷ್ಟು ಬಳಕೆ ಇಲ್ಲ. ಮಹಾರಾಷ್ಟ್ರದ ಕಾಡುಗಳಲ್ಲೂ ಇದೆ. ಇಂಥ ಒಣಕಾಡಿನಲ್ಲಿ ಬೇಸಿಗೆಗೆ ಬೆಂಕಿ ಬೀಳುತ್ತದೆ, ದನ ತುಳಿಯುತ್ತದೆ, ಮೇಲಿನ ಭಾಗ ಹೋಗುತ್ತದೆ. ಉಳಿಯೋದು ಬೇರು. ಬೇರಿನಿಂದ ಮತ್ತೆ ಏಳಲು ಗೊತ್ತಿರುವ ಗಿಡವೇ ಅಲ್ಲಿ ಬದುಕೋದು. ಸೊಸೈಟಿಯ ಕೊಯ್ತಾ ಅದಕ್ಕೆ ಇನ್ನೊಂದು ಕಾಡ್ಗಿಚ್ಚು, ಅಷ್ಟೇ.

ಒಳಗಿನ ಕೆಲಸ ಹೀಗೆ. ಮೇಲಿನ ಕುಡಿ ಇರುವವರೆಗೆ ಅದು ಕೆಳಗಿನ ಮೊಗ್ಗುಗಳನ್ನು ತಡೆದು ಹಿಡಿದಿರುತ್ತದೆ. ಕುಡಿ ಹೋದ ಕೂಡಲೇ ತಡೆ ಹೋಯಿತು, ಒಂದರ ಬದಲು ನಾಲ್ಕು ಎದ್ದವು. ಬೇರಿನ ಮರಿಗೆ ಊಟ ತಾಯಿಯಿಂದ ಬರುತ್ತಿರುತ್ತದೆ. ಹತ್ತು ಸಲ ಸವರಿದರೂ ಅದು ಸೊರಗೋದಿಲ್ಲ, ಯಾಕೆಂದರೆ ಅಡುಗೆ ಬೇರೆ ಮನೆಯಲ್ಲಿ ನಡೆದಿದೆ. ಹಾಗಂತ ತಾಯಿಯನ್ನೇ ಕಡಿದರೆ? ಆಗ ಇಡೀ ಬೇರಿನ ಬಲೆ ಒಮ್ಮೆಗೇ ಎಚ್ಚರಾಗುತ್ತದೆ. ಮರ ತೆಗೆಸಿದ ಮುಂದಿನ ಮಳೆಗಾಲದಲ್ಲಿ ಅಂಗಳ ತುಂಬ ಕರಿಬೇವು ಎದ್ದರೆ ಅಚ್ಚರಿ ಪಡಬೇಡಿ.

ತಾಯಿಮರಕ್ಕೆ ಕೈ ಹಾಕುವ ಮೊದಲು ಇನ್ನೊಂದು ಮಾತು. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಾಗದ ಮರವಾದರೂ ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. "ಕರಿಬೇವು ಮರ ಅಲ್ಲ, ಗಿಡ" ಅಂತ ಮೀಟಿಂಗಿನಲ್ಲಿ ವಾದ ಮಾಡುವವರು ಇರುತ್ತಾರೆ. ಆ ವಾದವನ್ನು ಪಾಲಿಕೆಯ ಗಾರ್ಡನ್ ವಿಭಾಗದಲ್ಲಿ ಮೊದಲೇ ಕೇಳಿ ಬಗೆಹರಿಸಿಕೊಳ್ಳೋದು ಒಳ್ಳೆಯದು.

ಬೇರಿನ ಮರಿಯಾದರೆ

ಮೊದಲು ಸಂಬಂಧ ಕಡಿಯಬೇಕು, ಆಮೇಲೆ ಗಿಡ. ಈ ಕ್ರಮ ತಪ್ಪಬಾರದು. ಮರಿ ಕೂತಿರುವ ಅಡ್ಡಬೇರನ್ನು ಬಿಡಿಸಿ, ತಾಯಿಯ ಕಡೆಗೆ ಒಂದು ಗೇಣು ಬಿಟ್ಟು ಚೂಪಾದ ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸಿ. ಇನ್ನೊಂದು ಕಡೆಯೂ ಅಷ್ಟೇ. ಆ ಬೇರಿನ ತುಂಡನ್ನು ಮರಿಯ ಜೊತೆ ಹೊರಗೆ ತೆಗೆಯಿರಿ. ತುಂಡನ್ನು ಮಣ್ಣಿನಲ್ಲೇ ಬಿಟ್ಟರೆ ಅದೇ ಹೊಸ ಗಿಡ. ನರ್ಸರಿಯವರು ಬೇರಿನ ತುಂಡು ಊರಿಯೂ ಕರಿಬೇವು ಹೆಚ್ಚಿಸುತ್ತಾರೆ, ನೀವು ಅದನ್ನು ಪುಕ್ಕಟೆ ಮಾಡಿಕೊಟ್ಟ ಹಾಗಾಗುತ್ತದೆ. ಗುದ್ದಲಿಯಿಂದ ರಪರಪ ಅಗೆದು ಬೇರನ್ನು ಚೂರು ಮಾಡೋದು ಇದಕ್ಕೇ ಬೇಡ.

ಎಲ್ಲವನ್ನೂ ಒಂದೇ ದಿನ ತೆಗೆಯುವ ಹಟವೂ ಬೇಡ. ದಾರಿಗೆ ಅಡ್ಡ ಬರುವ ಕಡೆಯಿಂದ ಶುರು ಮಾಡಿ. ಆಚೆ ಉಳಿದುಹೋದ ತುಂಡುಗಳಿಂದ ಮತ್ತೆ ಸಣ್ಣ ಚಿಗುರು ಬರುತ್ತದೆ. ಅವಕ್ಕೆ ಈಗ ತಾಯಿಯ ಊಟ ಇಲ್ಲ. ಎಲೆ ಬಲಿಯುವ ಮೊದಲೇ, ಎರಡು ಮೂರು ವಾರಕ್ಕೊಮ್ಮೆ ಮುರಿಯುತ್ತಾ ಹೋದರೆ ಅವು ಸೊರಗಿ ಹೋಗುತ್ತವೆ. ಸವರೋದು ಕೆಲಸಕ್ಕೆ ಬರೋದು ಇಲ್ಲಿ ಮಾತ್ರ.

ಲಾನಿನ ಅಂಚಿಗೆ ತಡೆ ಹಾಕಬೇಕೆಂದರೆ ಒಂದೂವರೆ ಎರಡು ಅಡಿ ಆಳದ ಸಣ್ಣ ಕಾಲುವೆ ತೋಡಿ, ದಪ್ಪ ಪ್ಲಾಸ್ಟಿಕ್ ಶೀಟ್ ನಿಲ್ಲಿಸಿ ಮುಚ್ಚುತ್ತಾರೆ. ಕೆಲಸ ಮಾಡುತ್ತದೆ. ಆದರೆ ಕಾಲುವೆ ತೋಡುವಾಗಲೇ ಬೇರು ಕಡಿಯುತ್ತದಲ್ಲ, ಆದ್ದರಿಂದ ಮೊದಲ ಮಳೆಗಾಲದಲ್ಲಿ ಶೀಟಿನ ಹೊರಗಡೆ ಮರಿಗಳು ಹೆಚ್ಚೇ ಏಳುತ್ತವೆ. ಇದನ್ನು ನೋಡಿ "ಶೀಟ್ ವೇಸ್ಟ್" ಅಂತ ಕಿತ್ತು ಹಾಕಬೇಡಿ. ಅವು ತುಂಡಾದ ಬೇರಿನ ಕೊನೆಯ ಪ್ರಯತ್ನ. ಅವನ್ನು ತೆಗೆದರೆ ಮುಂದೆ ಬರುವುದಿಲ್ಲ. ತಾಯಿಯ ಕಾಂಡಕ್ಕೆ ತೀರಾ ಹತ್ತಿರ ತೋಡಬೇಡಿ, ಒಂದು ವರ್ಷ ಒಂದು ಕಡೆ ಸಾಕು.

ತಾಯಿಗಿಡವನ್ನು ವರ್ಷಕ್ಕೊಮ್ಮೆ ಬೋಳಿಸುವ ಅಭ್ಯಾಸ ಇದ್ದರೆ ಬಿಡಿಸಿ. ಎಲೆ ಬೇಕಾದವರೆಲ್ಲ ತುದಿಯಿಂದ ಸ್ವಲ್ಪ ಸ್ವಲ್ಪ ಮುರಿಯಲಿ. ಗಿಡ ಪೊದೆಯಾಗಿ ತಗ್ಗಿನಲ್ಲೇ ಇರುತ್ತದೆ, ಬೇರಿಗೂ ಗಾಬರಿ ಆಗಲ್ಲ. ನಮ್ಮವರು ಒಂದೊಂದು ಎಲೆ ಜಗ್ಗುತ್ತಾರೆ, ಕಡ್ಡಿ ಹಾಗೇ ನಿಲ್ಲುತ್ತದೆ. ಕಡ್ಡಿ ಸಮೇತ ತುದಿ ಚಿವುಟಿದರೆ ಕವಲೊಡೆಯುತ್ತದೆ, ಹೂವೂ ಕಡಿಮೆಯಾಗುತ್ತದೆ.

ಇನ್ನು ಔಷಧ. ಕಳೆನಾಶಕ ಹೊಡೆಸೋಣ ಅನ್ನೋ ಮಾತು ಯಾವಾಗಲೂ ಬರುತ್ತದೆ. ಬೇರಿನ ಮರಿಗೆ ಹೊಡೆದರೆ ಅದು ಅದೇ ಬೇರಿನ ಮೂಲಕ ತಾಯಿಗೂ ಹೋಗಬಹುದು, ತಾಯಿಯ ಎಲೆ ಸಾರಿಗೆ ಹೋಗುತ್ತದೆ. ಇಷ್ಟೇ ಕಾರಣ ಸಾಕು. ಮೇಲಾಗಿ ಗ್ಲೈಫೋಸೇಟ್ ಅನ್ನೋ ಕಳೆನಾಶಕವನ್ನು ಪೆಸ್ಟ್ ಕಂಟ್ರೋಲ್ ಆಪರೇಟರುಗಳ ಮೂಲಕ ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿದೆ. ಉಪ್ಪು, ಡೀಸೆಲ್, ಆ್ಯಸಿಡ್ ಹಾಕೋ ಬುದ್ಧಿವಂತರೂ ಇದ್ದಾರೆ. ಕರಿಬೇವು ಮತ್ತೆ ಎದ್ದುಬರುತ್ತದೆ, ಆ ಮಣ್ಣಿನಲ್ಲಿ ಇನ್ನೇನೂ ಏಳೋದಿಲ್ಲ.

ಒಂದು ಅಡ್ಡ ಮಾತು. ಏಪ್ರಿಲ್ ಮೇನಲ್ಲಿ ಸುತ್ತಲೂ ಎಲ್ಲ ಒಣಗಿರುವಾಗ, ಒಂದೇ ಗೆರೆಯಲ್ಲಿ ಮಾತ್ರ ಮರಿಗಳು ಹಸಿರಾಗಿ ನಳನಳಿಸುತ್ತಿದ್ದರೆ ಗಿಡ ಬಿಟ್ಟು ಪ್ಲಂಬರನ್ನು ಕರೆಸಿ. ಆ ಗೆರೆಯ ಕೆಳಗೆ ಪೈಪಿನ ಜಾಯಿಂಟ್ ಸೋರುತ್ತಿರಬಹುದು. ಬೇರು ತೇವ ಇದ್ದ ಕಡೆ ಹೆಚ್ಚು ಬೆಳೆಯುತ್ತದೆ.

ಬೀಜದ ಸಸಿಯಾದರೆ

ಇದು ಸುಲಭ. ಮಳೆ ನಿಂತ ಸಂಜೆ ಕೈಯಿಂದ ಕೀಳಿ. ಮೊದಲ ವರ್ಷವೇ ಕಿತ್ತರೆ ಬೇರು ಸಮೇತ ಬರುತ್ತದೆ. ಬಿಟ್ಟು ಬೆಳೆಸಿದರೆ ಅದೇ ಮುಂದೆ ಇನ್ನೊಂದು ತಾಯಿ, ಆಮೇಲೆ ಅದರ ಬೇರಿನ ಮರಿಗಳ ಕಥೆ ಶುರು.

ಮೂಲ ತಡೆಯಬೇಕೆಂದರೆ ಹಣ್ಣು ತಡೆಯಬೇಕು. ಕಾಯಿ ಹಸಿರಾಗಿ ಇರುವಾಗಲೇ ಗೊಂಚಲು ಕತ್ತರಿಸಿ. ಕೆಂಪಾಗಿ, ಕಪ್ಪಾಗುವವರೆಗೆ ಕಾದರೆ ಹಕ್ಕಿಗೆ ನಿಮಗಿಂತ ಮೊದಲು ಗೊತ್ತಾಗುತ್ತದೆ. ಕೈಗೆಟುಕದ ಎತ್ತರದಲ್ಲಿ ನಾಲ್ಕು ಗೊಂಚಲು ಉಳಿದರೆ ಉಳಿಯಲಿ, ಹಕ್ಕಿಗೂ ಏನಾದರೂ ಬೇಡವೇ? ಕತ್ತರಿಸಿದ ಹಣ್ಣನ್ನು ಹಸಿಯಾಗಿ ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಅಲ್ಲೇ ಮೊಳೆತು ಗೊಬ್ಬರದ ಜೊತೆ ಎಲ್ಲ ಕುಂಡಗಳಿಗೂ ಹೋಗುತ್ತದೆ. ಟೆರೇಸಿನ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಆಮೇಲೆ ಹಾಕಿ. ಒಣಗಿದ ಬೀಜ ಮೊಳೆಯೋದಿಲ್ಲ ಅಂತ ಹೇಳಿದೆನಲ್ಲ.

ಎರಡೂ ಅಲ್ಲ ಅನ್ನಿಸಿದರೆ

ಹತ್ತಿರದಲ್ಲಿ ತಾಯಿಗಿಡ ಇಲ್ಲ, ಮೇಲೆ ಹಕ್ಕಿ ಕೂರುವ ಜಾಗವೂ ಇಲ್ಲ, ಆದರೂ ಕರಿಬೇವು ಎದ್ದಿದೆ. ಅಗೆದರೆ ಅಡ್ಡಬೇರು ಸಿಗುತ್ತದೆ, ಆದರೆ ಎರಡೂ ತುದಿ ಮೊಂಡು, ಎಲ್ಲಿಗೂ ಹೋಗೋದಿಲ್ಲ. ಇದು ಮಣ್ಣಿನ ಜೊತೆ ಬಂದದ್ದು. ಗಾರ್ಡನ್ ಮಾಡಿಸುವಾಗ ಕೆಂಪು ಮಣ್ಣಿನ ಲೋಡ್ ತರಿಸಿದ್ದರಾ, ಅಥವಾ ಸೊಸೈಟಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮಣ್ಣು ಹಾಕಿಸಿದ್ದರಾ, ಕೇಳಿ. ಬೇರಿನ ಚೂರು ಅದರಲ್ಲೇ ಇತ್ತು. ತುಂಡು ತೆಗೆದರೆ ಕೇಸ್ ಮುಗಿಯಿತು.

ನಮ್ಮ ಕೈಯಿಂದ ಇದು ಹೋಗಿರುವ ದೂರ ದೊಡ್ಡದು. ಕನ್ನಡ, ತಮಿಳು, ತೆಲುಗು, ಮಲಯಾಳದವರು ಹೋದಲ್ಲೆಲ್ಲ ಕರಿಬೇವು ಹೋಗಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಅದು ಹಿತ್ತಲು ದಾಟಿ, ಹಕ್ಕಿಗಳ ಹೊಟ್ಟೆಯಲ್ಲಿ ಸವಾರಿ ಮಾಡಿ ಕಾಡಿನಂಚು ಸೇರಿದೆ. ಅಲ್ಲಿ ಅದನ್ನು ಕಳೆ ಅಂತ ಕರೆಯುತ್ತಾರೆ. ನಮಗೆ ಕೇಳೋಕೆ ಒಂಥರಾ ಆಗುತ್ತದೆ, ಆದರೆ ಅವರ ಕಡೆಯಿಂದ ನೋಡಿದರೆ, ಹೊರಗಿನಿಂದ ಬಂದು ನಮ್ಮಲ್ಲಿ ಕಳೆಯಾದ ಲಂಟಾನಾದ ಕಥೆಯೇ ಅದು.

ನಿಂಬೆ ಗಿಡ ಇದ್ದವರಿಗೆ

ಕರಿಬೇವು ಬೇಕಾದಷ್ಟಿದ್ದರೆ ತಪ್ಪೇನು, ಇರಲಿ ಬಿಡಿ ಅನ್ನುವವರಿದ್ದಾರೆ. ಮನೆಯಲ್ಲಿ ನಿಂಬೆ, ಮೋಸಂಬಿ ಗಿಡ ಇಲ್ಲದಿದ್ದರೆ ನಾನೂ ಹಾಗೇ ಅನ್ನುತ್ತೇನೆ. ಇದ್ದರೆ ಎಳೆ ಚಿಗುರನ್ನು ಒಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಎಳ್ಳಿಗಿಂತ ದೊಡ್ಡದಲ್ಲದ ಕಂದು ಹುಳ, ತಲೆ ಚಿಗುರಿಗೆ ಒತ್ತಿ ಹಿಂಭಾಗ ಮೇಲೆತ್ತಿ 45 ಡಿಗ್ರಿ ಓರೆಯಲ್ಲಿ ಕೂತಿರುತ್ತದೆ. ಅದರ ಮರಿಗಳು ಹಳದಿ, ಬಾಲದಿಂದ ಬಿಳಿ ಮೇಣದ ಎಳೆ ಸುರುಳಿ ಬಿಡುತ್ತವೆ. ಇದು ಸಿಟ್ರಸ್ ಸಿಲ್ಲಾ. ನಿಂಬೆ ಜಾತಿಗೆ ಗ್ರೀನಿಂಗ್ ರೋಗ (ಎಲೆ ಹಳದಿಯಾಗಿ ಗಿಡ ಸೊರಗುವ ರೋಗ) ಹರಡುವುದು ಈ ಕೀಟ. ಕರಿಬೇವಿನ ಎಳೆ ಚಿಗುರು ಅದಕ್ಕೆ ಬಹಳ ಇಷ್ಟ. ಅಮೆರಿಕಕ್ಕೆ ಹಸಿ ಕರಿಬೇವು ಒಯ್ಯಲು ಬಿಡದಿರುವುದೂ ಈ ಹುಳದ ಭಯಕ್ಕೇ.

ಪದೇ ಪದೇ ಸವರಿದ ಬೇರಿನ ಮರಿ ಅಂದರೆ ವರ್ಷವಿಡೀ ಎಳೆ ಚಿಗುರು. ಅಂದರೆ ಹುಳಕ್ಕೆ ವರ್ಷವಿಡೀ ಊಟ. ಚಿಗುರು ಮುರುಟಿ, ಕೆಳಗಿನ ಎಲೆಯ ಮೇಲೆ ಅಂಟು, ಆ ಅಂಟಿನ ಮೇಲೆ ಕಪ್ಪು ಮಸಿ ಕಂಡರೆ ಹುಳ ನೆಲೆಸಿದೆ ಅಂತಲೇ ಅರ್ಥ. ಆ ಚಿಗುರುಗಳನ್ನು ಚಿವುಟಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಹಸಿರು ದಪ್ಪ ಹುಳ, ಅಥವಾ ಹಕ್ಕಿಯ ಹಿಕ್ಕೆಯಂಥ ಕಪ್ಪು ಬಿಳುಪು ಹುಳ ಕಂಡರೆ ಅದನ್ನು ಬಿಟ್ಟುಬಿಡಿ. ಅದು ಚಿಟ್ಟೆಯ ಮರಿ. ನಾಲ್ಕು ಎಲೆ ತಿನ್ನುತ್ತದೆ, ತಿನ್ನಲಿ. ನಿಮಗೆ ಕರಿಬೇವು ಜಾಸ್ತಿಯಾಗಿದೆ ಅಂತಲೇ ತಾನೆ ಇದನ್ನೆಲ್ಲ ಓದ್ತಿರೋದು?

ಟೇಕಡಿಯ (ಗುಡ್ಡದ) ಪಕ್ಕದ ಸೊಸೈಟಿಗಳಿಗೆ

ವೇತಾಳ ಟೇಕಡಿ, ತಳಜಾಯಿ, ವಾರಜೆಯ ಗುಡ್ಡ, ಇವುಗಳ ಬುಡದಲ್ಲಿ ಇರುವವರು ಗೋಡೆಯ ಆಚೆಗೂ ಒಮ್ಮೆ ನೋಡಬೇಕು. ನಮ್ಮ ಕಾಡಿನದೇ ಗಿಡ, ಗುಡ್ಡಕ್ಕೆ ಹೋದರೆ ಏನು ನಷ್ಟ ಅಂತ ಕೇಳಬಹುದು. ಪುಣೆಯ ಟೇಕಡಿಗಳಲ್ಲಿ ಬಹಳಷ್ಟು ಜಾಗ ಮೂಲತಃ ಬಯಲು ಹುಲ್ಲುಗಾವಲು. ಮಳೆಗೆ ಎದ್ದು, ಚಳಿಗೆ ಒಣಗುವ ಹುಲ್ಲು, ಗಡ್ಡೆಯ ಹೂಗಳು, ಎಲ್ಲಕ್ಕೂ ಬಿಸಿಲು ಬೇಕು. ಕರಿಬೇವು ನೆರಳನ್ನು ತಡೆದುಕೊಳ್ಳುವ ಗಿಡ. ಬೋಳು ಗುಡ್ಡದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅರಣ್ಯೀಕರಣ ಅಂತ ಗ್ಲಿರಿಸಿಡಿಯಾ ಮರ ಹಚ್ಚಿದ ಮೇಲೆ ಅಲ್ಲಿ ನೆರಳು ಬಂತು, ಕೊಂಬೆ ಬಂತು, ಕೊಂಬೆಯ ಮೇಲೆ ಪಿಕಳಾರ ಬಂತು. ಅದರ ಕೆಳಗೆ ಕರಿಬೇವು ಮೊಳೆತರೆ ತಪ್ಪು ಗಿಡದ್ದಲ್ಲ. ನನ್ನ ಮಟ್ಟಿಗೆ ಅಲ್ಲಿ ಎದ್ದ ಕರಿಬೇವು ಲಂಟಾನಾದಷ್ಟು ದೊಡ್ಡ ತಲೆನೋವಲ್ಲ, ಆದರೆ ನಮ್ಮ ಮರದಿಂದ ಅಲ್ಲಿಗೆ ಹಣ್ಣು ಹೋಗದ ಹಾಗೆ ನೋಡಿಕೊಳ್ಳೋದು ನಮ್ಮ ಕೈಯಲ್ಲಿದೆ.

ಅಲ್ಲಿಗೆ ಹೋಗಿ ನೀವೇ ಕೀಳಲು ಶುರು ಮಾಡಬೇಡಿ. ಅರಣ್ಯ ಇಲಾಖೆಯ ಜಾಗದಲ್ಲಿ ಒಳ್ಳೆಯ ಉದ್ದೇಶಕ್ಕೂ ಅನುಮತಿ ಬೇಕು. ಗೋಡೆಯ ಈ ಕಡೆ ಗೊಂಚಲು ಕತ್ತರಿಸಿ, ಆ ಕಡೆಯದನ್ನು ಫೋಟೊ ತೆಗೆದು ತಿಳಿಸಿ. ಟೇಕಡಿಯ ಮೇಲೆ ಗಿಡ ನೆಡುವ ಉತ್ಸಾಹಿಗಳಿಗೆ "ದೇಶಿ ಗಿಡ ಅಲ್ವಾ" ಅಂತ ಸೊಸೈಟಿಯ ಹೆಚ್ಚುವರಿ ಮರಿಗಳನ್ನು ದಾನ ಮಾಡೋದೂ ಬೇಡ.

ತೆಗೆದ ಮರಿಗಳನ್ನು ಏನು ಮಾಡೋದು?

ಕುಂಡಕ್ಕೆ ಹಾಕಿ ಹಂಚಿ. ಪುಣೆಯಲ್ಲಿ ಬೇಡ ಅನ್ನುವ ಕನ್ನಡದ ಮನೆ ನಾನಂತೂ ನೋಡಿಲ್ಲ. ಆದರೆ ಅಡ್ಡಬೇರಿನಿಂದ ಕತ್ತರಿಸಿ ಅದೇ ದಿನ ಕುಂಡಕ್ಕೆ ಹಾಕಿದ ಮರಿ ಬಹುತೇಕ ಬಾಡುತ್ತದೆ. ಅದಕ್ಕೆ ತನ್ನದೇ ಎಳೆ ಬೇರು ಇನ್ನೂ ಬಂದಿರೋದಿಲ್ಲ. ಕೊಡಬೇಕು ಅಂತ ಆರಿಸಿದ ಮರಿಗೆ ತಾಯಿಯ ಕಡೆಯ ಬೇರನ್ನು ಮಾತ್ರ ಕತ್ತರಿಸಿ, ಮಣ್ಣು ಮುಚ್ಚಿ, ಮಳೆಗಾಲದಲ್ಲಿ ಮೂರು ನಾಲ್ಕು ವಾರ ಅಲ್ಲೇ ಬಿಡಿ. ಆಮೇಲೆ ಮಣ್ಣಿನ ಹೆಂಟೆ ಸಮೇತ ಎತ್ತಿ. ಅರ್ಧ ಎಲೆ ತೆಗೆದು ನೆರಳಲ್ಲಿಡಿ.

ಎಲ್ಲ ಮಾಡಿ ಆದ ಮೇಲೂ ಕುಂಡಗಳ ಸಾಲಿನ ಪಕ್ಕದ ನೆಲದಲ್ಲಿ ಮಾತ್ರ ಕರಿಬೇವು ಏಳುತ್ತಲೇ ಇದ್ದರೆ ಕುಂಡವನ್ನು ಅಲ್ಲಾಡಿಸಿ ನೋಡಿ. ಅಲುಗಾಡದಿದ್ದರೆ ಅಡಿಯ ತೂತಿನಿಂದ ಬೇರು ನೆಲಕ್ಕಿಳಿದಿದೆ ಅಂತ. ಆ ಬೇರು ಕತ್ತರಿಸಿ, ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ನಡುವೆ ಗಾಳಿ ಆಡುವಂತೆ ಮಾಡಿ. ನೆಲದಲ್ಲಿ ಉಳಿದ ತುಂಡಿಗೆ ಮೇಲೆ ಹೇಳಿದ ಎರಡು ಮೂರು ವಾರದ ಉಪಾಯವೇ ಸಾಕು.